ತೇವದ ಮೂಲೆ, ಮಳೆಗಾಲದ ಹೂವು

ಮಲೆನಾಡಿನಲ್ಲಿ ಜೇನಿಗೆ ಬರಗಾಲ ಬರುವುದು ಬೇಸಿಗೆಯಲ್ಲಲ್ಲ, ಮಳೆಗಾಲದಲ್ಲಿ. ಜೇನು ಸಾಕಿದವರಿಗೆಲ್ಲ ಇದು ಗೊತ್ತು. ಬೇಸಿಗೆಯಲ್ಲಿ ಕಾಡಿನ ಮರಗಳು ಒಂದರ ಹಿಂದೊಂದು ಹೂವಾಗುತ್ತವೆ, ಪೆಟ್ಟಿಗೆಯ ಎರಿ ತುಂಬುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಆ ಸಂಭ್ರಮ ಮುಗಿಯಿತು. ಅಲ್ಲೊಂದು ಇಲ್ಲೊಂದು ಉಳಿದ ಹೂವಿನ ಮಕರಂದ ನೀರಾಗುತ್ತದೆ, ಪರಾಗ ತೊಯ್ದು ಮುದ್ದೆಯಾಗುತ್ತದೆ. ಹೊರಗೆ ಹಾರಲು ಸಿಗುವುದು ಹೊಳವಾದ ಒಂದೆರಡು ತಾಸು ಮಾತ್ರ. ಹಾಗಾಗಿ ಸೆಪ್ಟೆಂಬರ್ ಕಳೆಯುವ ತನಕ ಸಕ್ಕರೆ ಪಾಕ ಇಟ್ಟು ಕುಟುಂಬಗಳನ್ನು ಉಳಿಸಿಕೊಳ್ಳುವುದು ಜೇನು ಕೃಷಿಕರ ವಾಡಿಕೆ. ಪೆಟ್ಟಿಗೆಯ ತುಡುವೆಗೇನೋ ಪಾಕ ಸಿಗುತ್ತದೆ. ಗೋಡೆ ಸಂದಿಯ ಮುಜಂಟಿಗೆ, ಒಣಬಿದಿರಿನೊಳಗಿನ ಕಪ್ಪು ದುಂಬಿಗೆ, ಮಣ್ಣಿನ ಧರೆ ಕೊರೆದು ಗೂಡು ಮಾಡುವ ನೀಲಿಪಟ್ಟೆಯ ಜೇನಿಗೆ ಪಾಕ ಇಡುವವರು ಯಾರು?

ಇವುಗಳಿಗೆ ಮಳೆಗಾಲದಲ್ಲಿ ಊಟ ಕೊಡುವ ಗಿಡಗಳು ನಮ್ಮ ನೆಲದಲ್ಲೇ ಇವೆ. ತೊರೆಯ ಅಂಚು, ಗದ್ದೆಯ ಬದು, ಕೆರೆಯ ಹಿಂಬದಿಯ ಜೌಗು ಇವುಗಳ ಮೂಲ ಮನೆ. ತೇವವೆಂದರೆ ಇವುಗಳಿಗೆ ಜೀವ. ಒಮ್ಮೆ ನೆಟ್ಟರೆ ಗೆಡ್ಡೆಯಿಂದಲೋ ಬೇರಿನಿಂದಲೋ ವರ್ಷವರ್ಷವೂ ಚಿಗುರುತ್ತವೆ. ಇವುಗಳಿಗೆ ಹೇಳಿ ಮಾಡಿಸಿದ ಜಾಗವೂ ಹೆಚ್ಚಿನ ಮನೆಗಳಲ್ಲಿ ಇದ್ದೇ ಇದೆ. ಬಚ್ಚಲ ನೀರು ಹರಿಯುವ ಹಿತ್ತಲ ಮೂಲೆ, ಬಾವಿಕಟ್ಟೆಯ ಸುತ್ತ, ಅಡಿಕೆ ತೋಟದ ಬಸಿಗಾಲುವೆಯ ಏರಿ, ಪೇಟೆಯಲ್ಲಾದರೆ ತಾರಸಿಯ ನೀರು ಬೀಳುವ ಪೈಪಿನ ಬುಡ. ಈಚೆಗೆ ಈ ಮೂಲೆಗಳಿಗೆಲ್ಲ ಕಾಂಕ್ರೀಟ್ ಬೀಳುತ್ತಿದೆ, ಇಲ್ಲವೇ ಕಳೆನಾಶಕ. ಹಿತ್ತಲಿನಲ್ಲಿ ಕೆಸು, ಬಾಳೆ, ಒಂದೆಲಗ ಇದ್ದ ಕಾಲದಲ್ಲಿ ಆ ಮೂಲೆ ಅಡುಗೆಮನೆಗೂ ಆಗುತ್ತಿತ್ತು, ಹುಳಹುಪ್ಪಟೆಗೂ ಆಗುತ್ತಿತ್ತು. ಅದನ್ನು ಮತ್ತೆ ಹಸಿರು ಮಾಡುವುದು ಕಷ್ಟದ ಕೆಲಸವಲ್ಲ.

ಮೊದಲು ನೀರಿನ ಲೆಕ್ಕ

ಗಿಡ ತರುವ ಮೊದಲು ನಿಮ್ಮ ಜಾಗ ಎಂಥ ತೇವದ್ದು ಎಂದು ತಿಳಿಯಬೇಕು. ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೆಗೆದು ನೀರು ತುಂಬಿಸಿ. ಒಂದು ತಾಸಿನೊಳಗೆ ಇಂಗಿಹೋದರೆ ಅದು ತೇವದ ಜಾಗವಲ್ಲ, ನೀವು ನೀರು ಹಾಕಿದರಷ್ಟೇ ತೇವ. ಅರ್ಧ ದಿನ ಹಿಡಿದರೆ ಹದವಾದ ತೇವ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಅದು ಜೌಗು. ಈ ವ್ಯತ್ಯಾಸ ಮುಖ್ಯ. ತೇವ ಇಷ್ಟಪಡುವ ಗಿಡಗಳೆಲ್ಲ ನಿಂತ ನೀರನ್ನು ಸಹಿಸುವುದಿಲ್ಲ. ಶುಂಠಿ, ಅರಿಶಿನದ ಬಳಗದವು ಹರಿಯುವ ನೀರಿನ ಪಕ್ಕ ಸೊಗಸಾಗಿ ಬೆಳೆಯುತ್ತವೆ, ನಿಂತ ನೀರಿನಲ್ಲಿ ಗೆಡ್ಡೆ ಕೊಳೆತು ಸಾಯುತ್ತವೆ. ಅಂಥವನ್ನು ಮೋರಿಯೊಳಗೆ ನೆಡದೆ, ಮೋರಿಯ ಪಕ್ಕ ಮಣ್ಣು ಏರಿಸಿ ಅದರ ಮೇಲೆ ನೆಡಬೇಕು.

ನೀರು ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಸ್ನಾನದ ನೀರು ತೊಂದರೆಯಿಲ್ಲ. ಬಟ್ಟೆ ಒಗೆಯುವ ಯಂತ್ರದ ಮಾರ್ಜಕದ ನೀರು, ಫಿನಾಯಿಲ್ ಮತ್ತು ಬ್ಲೀಚಿಂಗ್ ಪುಡಿ ಬೆರೆತ ನೀರು ಬೇಡ. ಅಡುಗೆಮನೆಯ ಜಿಡ್ಡಿನ ನೀರಾದರೆ ಮೊದಲು ಜಲ್ಲಿ, ಮರಳು ತುಂಬಿದ ಸಣ್ಣ ಗುಂಡಿಗೆ ಬಿಟ್ಟು, ಅದರ ಬಾಯಲ್ಲಿ ಬಾಳೆ ಅಥವಾ ಕೆಸು ನೆಟ್ಟು, ಅಲ್ಲಿಂದ ಬಸಿದದ್ದನ್ನು ಹೂಗಿಡಗಳಿಗೆ ಹರಿಸಿ. ಪೇಟೆಯವರಿಗೆ ಇನ್ನೊಂದು ಮಾತು. ಆರ್‌ಒ ಫಿಲ್ಟರ್ ಹೊರಹಾಕುವ ನೀರಿನಲ್ಲಿ ಲವಣ ಹೆಚ್ಚು. ಅದನ್ನೇ ದಿನವೂ ಸುರಿದರೆ ಕುಂಡದ ಮಣ್ಣಿನಲ್ಲಿ ಉಪ್ಪು ಕೂರುತ್ತದೆ. ಮಳೆನೀರಿನ ಜೊತೆ ಬೆರೆಸಿ ಬಳಸಬಹುದು.

ನೆಕ್ಕರಿಕ: ದುಂಬಿ ಕುಣಿಸುವ ಹೂವು

ಒಂದೇ ಗಿಡಕ್ಕೆ ಜಾಗವಿದೆ ಎನ್ನುವವರಿಗೆ ನಾನು ಹೇಳುವುದು ನೆಕ್ಕರಿಕ. ಕರಾವಳಿಯಲ್ಲಿ ನೆಕ್ಕರೆ. ನರ್ಸರಿಯವರಿಗೆ ಮೆಲಸ್ಟೋಮಾ ಮಲಬಾಥ್ರಿಕಂ ಎಂದರೆ ತಿಳಿಯುತ್ತದೆ. ಒಂದಾಳು ಎತ್ತರದ ಪೊದೆ, ಎಲೆಯ ಮೇಲೆ ಉದ್ದುದ್ದ ನರಗಳು, ತುದಿಯಲ್ಲಿ ನೇರಳೆ ಬಣ್ಣದ ಐದೆಸಳಿನ ಹೂವು. ಹಣ್ಣು ತಿಂದರೆ ನಾಲಗೆ ಕಡುನೇರಳೆಯಾಗುತ್ತದೆ. ಮಲೆನಾಡಿನ ಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ಗುರುತು ಬೇಡ.

ಈ ಹೂವಿನಲ್ಲಿ ಮಕರಂದವಿಲ್ಲ. ಕೊಡುವುದು ಪರಾಗ ಮಾತ್ರ, ಅದೂ ಸುಲಭಕ್ಕೆ ಅಲ್ಲ. ಕೇಸರದ ತುದಿಯಲ್ಲಿ ಸೂಜಿಮೊನೆಯಷ್ಟು ರಂಧ್ರ, ಪರಾಗವೆಲ್ಲ ಅದರೊಳಗೆ. ದುಂಬಿ ಬಂದು ಕೇಸರವನ್ನು ತಬ್ಬಿ ಹಿಡಿದು, ರೆಕ್ಕೆ ಬಡಿಯದೆ ರೆಕ್ಕೆಯ ಸ್ನಾಯುಗಳನ್ನಷ್ಟೇ ಅದುರಿಸುತ್ತದೆ. ಆಗ ರಂಧ್ರದಿಂದ ಪರಾಗ ಚಿಮ್ಮುತ್ತದೆ. ಹತ್ತಿರ ನಿಂತು ಕೇಳಿದರೆ ಹಾರುವ ಗುಂಯ್‌ಗಿಂತ ಬೇರೆಯೇ ಶ್ರುತಿ, ಒಂದು ಕ್ಷಣ ಏರಿ ನಿಲ್ಲುತ್ತದೆ. ಹೂವಿನಲ್ಲಿ ಎರಡು ಬಗೆಯ ಕೇಸರಗಳಿರುವುದನ್ನೂ ನೋಡಿ. ಗಿಡ್ಡವಾದ ಹಳದಿಯವು ದುಂಬಿಯ ಊಟಕ್ಕೆ, ಉದ್ದವಾಗಿ ಬಾಗಿದ ನೇರಳೆಯವು ಅದರ ಮೈಗೆ ಪರಾಗ ಬಳಿದು ಮುಂದಿನ ಹೂವಿಗೆ ಕಳಿಸಲಿಕ್ಕೆ. ಈ ಅದುರಿಸುವ ವಿದ್ಯೆ ನಮ್ಮ ತುಡುವೆಗೂ ಹೆಜ್ಜೇನಿಗೂ ಬಾರದು. ಕಪ್ಪು ದುಂಬಿ, ನೀಲಿಪಟ್ಟೆಯ ಜೇನಿನಂಥವಕ್ಕೆ ಬರುತ್ತದೆ. ಬದನೆ ಮತ್ತು ಟೊಮೆಟೊ ಹೂವೂ ಇದೇ ಮಾದರಿಯವು. ತರಕಾರಿ ಮಡಿಯ ಹತ್ತಿರ ನೆಕ್ಕರಿಕದ ಪೊದೆಯೊಂದಿದ್ದರೆ ಅದಕ್ಕೆ ಬಂದ ದುಂಬಿ ಬದನೆಯ ಕಾಯಿಕಟ್ಟಿಗೂ ನೆರವಾಗುತ್ತದೆ. ನನ್ನ ಮಟ್ಟಿಗೆ ಈ ಗಿಡ ನೆಡಲು ಈ ಕಾರಣ ಒಂದೇ ಸಾಕು.

ಬೆಳೆಸುವುದಕ್ಕೆ ಹುಳಿ ಗುಣದ ಮಣ್ಣು ಬೇಕು. ಜಂಬಿಟ್ಟಿಗೆ ನೆಲ, ಕೆಂಪು ಮಣ್ಣು, ತರಗೆಲೆ ಗೊಬ್ಬರ ಇದಕ್ಕೆ ಪ್ರಿಯ. ಬಯಲುಸೀಮೆಯ ಎರೆಮಣ್ಣಿನಲ್ಲಿ, ಗಡಸು ಬೋರ್‌ವೆಲ್ ನೀರಿನಲ್ಲಿ ಎಲೆ ಹಳದಿಯಾಗುತ್ತದೆ. ಅಂಥಲ್ಲಿ ದೊಡ್ಡ ಕುಂಡದಲ್ಲಿ ಕೆಂಪು ಮಣ್ಣು ತುಂಬಿ, ಆದಷ್ಟೂ ಮಳೆನೀರು ಕೊಟ್ಟು ಬೆಳೆಸಿ. ಬೀಜ ಧೂಳಿನಷ್ಟು ಸಣ್ಣದು. ಮಣ್ಣಿನಲ್ಲಿ ಹೂಳದೆ ಒದ್ದೆ ಮಣ್ಣಿನ ಮೇಲೆ ಉದುರಿಸಿದರೆ ಸಾಕು. ಅದಕ್ಕಿಂತ ಸುಲಭ ಮಳೆಗಾಲದಲ್ಲಿ ಗೇಣುದ್ದದ, ಅರ್ಧ ಬಲಿತ ಕಡ್ಡಿ ನೆಡುವುದು. ನರ್ಸರಿಯಲ್ಲಿ ಇದನ್ನು ಕೇಳಿದರೆ ಟಿಬೊಚಿನಾ ಕೊಡುವುದುಂಟು. ಹೂವು ಚೆಂದವೇ, ಆದರೆ ಅದರ ತವರು ದಕ್ಷಿಣ ಅಮೆರಿಕ.

ಗೆಡ್ಡೆಯಿಂದ ಏಳುವ ಹೂಗಳು

ಚಂಗಲಕೋಷ್ಠ ಮಳೆಗಾಲದ್ದೇ ಗಿಡ. ಸುರುಳಿಯಾಗಿ ಏರುವ ಕಾಂಡ, ತುದಿಯಲ್ಲಿ ಕೆಂಪು ಹೊದಿಕೆಯ ತೆನೆ, ಅದರಿಂದ ಬಿಳಿಯ ಹೂವು ದಿನಕ್ಕೆ ಒಂದೆರಡರಂತೆ ಹೊರಬರುತ್ತವೆ. ಒಂದು ಹೂವಿನ ಆಯುಸ್ಸು ಒಂದೇ ದಿನ, ಆದರೆ ತೆನೆ ವಾರಗಟ್ಟಲೆ ನಡೆಯುತ್ತದೆ. ಹಾಗಾಗಿ ಜುಲೈನಿಂದ ದಸರೆಯ ಹೊತ್ತಿನ ತನಕ ದುಂಬಿಗೆ ದಿನವೂ ಹೊಸ ಹೂವು. ಅಗಲವಾದ ಎಸಳು ಕೊಳವೆಯಂತೆ ಮಡಿಚಿಕೊಂಡು ಒಳಗಿನ ಮಕರಂದಕ್ಕೆ ಮಳೆ ತಾಗದಂತೆ ಮರೆ ಮಾಡುತ್ತದೆ. ಅರೆನೆರಳಿನಲ್ಲಿ, ತೆಂಗು ಅಡಿಕೆಯ ಬುಡದಲ್ಲಿ ಚೆನ್ನಾಗಿ ಬರುತ್ತದೆ. ಒಂದೆರಡು ಮೊಳಕೆಯಿರುವ ಗೆಡ್ಡೆಯ ತುಂಡನ್ನು ಎರಡು ಮೂರು ಬೆರಳಿನಾಳದಲ್ಲಿ ನೆಡಿ. ಬಲಿತ ಕಾಂಡವನ್ನು ಎರಡು ಮೂರು ಗಿಣ್ಣಿನ ತುಂಡು ಮಾಡಿ ಒದ್ದೆ ಮಣ್ಣಿನಲ್ಲಿ ಅಡ್ಡ ಮಲಗಿಸಿದರೂ ಚಿಗುರುತ್ತದೆ. ಮಾರುಕಟ್ಟೆಯಲ್ಲಿ ‘ಇನ್ಸುಲಿನ್ ಗಿಡ’ ಎಂದು ಸಿಗುವುದು ಇದರ ದಾಯಾದಿ, ಅಮೆರಿಕ ಖಂಡದ ಮೂಲದ್ದು. ಕೊಳ್ಳುವಾಗ ಬಿಳಿ ಹೂವು, ಕೆಂಪು ತೆನೆ ಎಂದು ಖಚಿತ ಮಾಡಿಕೊಳ್ಳಿ.

ಕಸ್ತೂರಿ ಅರಿಶಿನ, ಕಾಡು ಅರಿಶಿನಗಳ ಹೂವು ಮುಂಗಾರಿನ ಆಸುಪಾಸಿನಲ್ಲಿ ಬರುತ್ತದೆ. ಕಸ್ತೂರಿ ಅರಿಶಿನದಲ್ಲಂತೂ ಎಲೆಗಿಂತ ಮೊದಲು ನೆಲದಿಂದ ನೇರ ಹೂದಂಡವೇ ಏಳುವುದುಂಟು. ತಿಳಿಗುಲಾಬಿ ಹೊದಿಕೆಗಳ ಸಂದಿಯಲ್ಲಿ ಹಳದಿ ಹೂವು. ನೀಲಿಪಟ್ಟೆಯ ಜೇನು ಇದಕ್ಕೆ ತಪ್ಪದೆ ಬರುತ್ತದೆ. ಈ ಗಿಡಗಳ ಎಲೆ ಸುರುಳಿ ಸುತ್ತಿಕೊಂಡಿದ್ದು ಕಂಡರೆ ಔಷಧಿ ಹೊಡೆಯಲು ಓಡಬೇಡಿ. ಬಿಚ್ಚಿ ನೋಡಿದರೆ ಒಳಗೆ ಹಸಿರು ಹುಳು ಇರಬಹುದು, ಅದು ಗ್ರಾಸ್ ಡೀಮನ್ ಎಂಬ ಚಿಟ್ಟೆಯ ಮರಿ. ಅರಿಶಿನ, ಶುಂಠಿ, ಸುಗಂಧಿಯ ಎಲೆಗಳೇ ಅದರ ಊಟ. ಕೆಲವು ಎಲೆ ತಿಂದರೆ ಗಿಡ ಸಾಯುವುದಿಲ್ಲ. ಹೂವಿಟ್ಟು ಕರೆದ ಮೇಲೆ ಮರಿಗಳಿಗೆ ಎಲೆ ಕೊಡಲೂ ಮನಸ್ಸು ಮಾಡಬೇಕು.

ಏಲಕ್ಕಿಯನ್ನು ನಾವು ಬೆಳೆಯೆಂದು ನೋಡುತ್ತೇವೆ, ಹೂಗಿಡವೆಂದು ನೋಡುವುದಿಲ್ಲ. ಅದು ಪಶ್ಚಿಮ ಘಟ್ಟದ್ದೇ ಸಸ್ಯ. ಬುಡದಲ್ಲಿ ನೆಲಕ್ಕೆ ಹರಡಿದ ಗೊನೆಯಲ್ಲಿ, ನೇರಳೆ ಗೆರೆಯ ಬಿಳಿ ಹೂವು ಮುಂಜಾವದಲ್ಲಿ ಅರಳಿ ಒಂದೇ ದಿನ ಬಾಳುತ್ತದೆ. ಬೆಳಗಿನ ಹೊತ್ತು ಜೇನು ಬಂದರೆ ಕಾಯಿ, ಬರದಿದ್ದರೆ ಉದುರು. ಹೂವಾಡುವ ಕಾಲ ಮಳೆಗಾಲವನ್ನೇ ಆವರಿಸಿರುತ್ತದೆ. ನೆರಳು, ತೇವ, ತರಗೆಲೆಯ ಹೊದಿಕೆ ಇರುವ ಹಿತ್ತಲಿನಲ್ಲಿ ನಾಲ್ಕಾರು ಬುಡ ಇಟ್ಟುಕೊಂಡರೆ ತುಡುವೆಗೂ ಮುಜಂಟಿಗೂ ಮನೆಯವರಿಗೂ ಲಾಭ.

ಸುಗಂಧಿಯ ಬಗ್ಗೆ ಮಾತ್ರ ಎಚ್ಚರದಿಂದ ಹೇಳಬೇಕು. ಸಂಜೆ ಅರಳಿ ಘಮಘಮಿಸುವ ಬಿಳಿ ಹೂವು, ಉದ್ದ ಸೊಂಡಿಲಿನ ರಾತ್ರಿ ಪತಂಗಗಳಿಗೆ ಹಬ್ಬ. ಇದರ ಮೂಲ ಹಿಮಾಲಯದ ಪೂರ್ವ ತಪ್ಪಲು. ನಮ್ಮ ಮನೆಗಳಲ್ಲಿ ಬಹುಕಾಲದಿಂದ ಇದೆಯಾದರೂ ಹವಾಯಿ, ಬ್ರೆಜಿಲ್‌ಗಳಲ್ಲಿ ಹಳ್ಳದ ಗುಂಟ ಹಬ್ಬಿ ಉಳಿದ ಗಿಡಗಳನ್ನು ಮುಚ್ಚಿಹಾಕಿದ ದಾಖಲೆಯಿದೆ. ಅಂಗಳದಲ್ಲಿ ಒಂದು ಮಡಿ ಇರಲಿ, ಕಾಡಿನ ತೊರೆಯ ದಡಕ್ಕೆ ಒಯ್ಯುವುದು ಬೇಡ. ಪತಂಗಗಳು ಬರಬೇಕೆಂದರೆ ಆ ಮೂಲೆಯ ವಿದ್ಯುದ್ದೀಪವನ್ನು ರಾತ್ರಿ ಆರಿಸಿಡಿ.

ಜಾಗ ಸ್ವಲ್ಪ ಹೆಚ್ಚಿದ್ದರೆ ಕಾಡಿನ ಮುಸ್ಸಾಂಡ ಸೇರಿಸಿ. ಎಲೆಯಷ್ಟು ದೊಡ್ಡ ಬಿಳಿ ದಳ, ಅದರ ಪಕ್ಕದಲ್ಲಿ ಸಣ್ಣ ಕಿತ್ತಳೆ ನಕ್ಷತ್ರದ ಹೂವು. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಇದಕ್ಕೆ ಬರುತ್ತದೆ. ಕಮಾಂಡರ್ ಎಂಬ ಚಿಟ್ಟೆ ಇದರ ಎಲೆಯ ಮೇಲೆಯೇ ಮೊಟ್ಟೆಯಿಡುತ್ತದೆ. ಗುಲಾಬಿ ಬಣ್ಣದ ದಳಗಳೇ ತುಂಬಿರುವ ಅಲಂಕಾರದ ಮುಸ್ಸಾಂಡ ಈ ಕೆಲಸಕ್ಕೆ ಬರುವುದಿಲ್ಲ.

ನೆಲಕ್ಕೆ ಹಬ್ಬುವವು, ನೀರಿನಲ್ಲಿ ತೇಲುವವು

ಜೌಗಿನ ಅಂಚಿಗೆ ನೆಲಹಿಪ್ಪಲಿಯಂಥ ಗಿಡ ಇನ್ನೊಂದಿಲ್ಲ. ನೆಲಕ್ಕಂಟಿ ಹಬ್ಬುವ ಬಳ್ಳಿ, ಗಿಣ್ಣುಗಿಣ್ಣಿಗೂ ಬೇರು, ಬೆಂಕಿಕಡ್ಡಿಯ ತಲೆಯಂಥ ಗುಂಡಿಯ ಸುತ್ತ ಬಿಳಿ, ತಿಳಿನೇರಳೆ ಹೂವಿನ ಉಂಗುರ. ತುಳಿದರೂ ಸಾಯದು, ಹಾಗಾಗಿ ಹುಲ್ಲುಹಾಸಿನ ಬದಲಿಗೂ ಆಗುತ್ತದೆ. ಮುಜಂಟಿ, ಕೋಲುಜೇನು, ಸಣ್ಣ ನೀಲಿ ಚಿಟ್ಟೆಗಳು ಇಡೀ ಹಗಲು ಇದರ ಮೇಲೆ. ರೆಕ್ಕೆಯಲ್ಲಿ ನವಿಲುಗರಿಯ ಕಣ್ಣಿನಂಥ ಗುರುತಿರುವ ಪೀಕಾಕ್ ಪ್ಯಾನ್ಸಿ ಚಿಟ್ಟೆಯ ಮರಿಗೂ ಇದು ಆಹಾರ. ಅದರ ಮರಿ ತಿನ್ನುವ ಇನ್ನೊಂದು ಗಿಡ ಕೆರೆಯಂಚಿನಲ್ಲಿ ಬೆಳೆಯುವ, ನೀಲಿ ಹೂವಿನ ಮುಳ್ಳುಗಿಡ ಕೊಳವಳಿಕೆ. ಮನೆಯಂಗಳಕ್ಕೆ ಮುಳ್ಳು ಬೇಡವೆನ್ನುವವರು ಅದನ್ನು ಗದ್ದೆಯ ಬದುವಿನಲ್ಲಿ ಕೀಳದೆ ಬಿಟ್ಟರೂ ಸಾಕು. ನೀರು ಬ್ರಾಹ್ಮಿ ಇನ್ನೂ ಹೆಚ್ಚು ನೀರನ್ನು ತಾಳುತ್ತದೆ. ಒಂದು ಹಿಡಿ ಬಳ್ಳಿ ತಂದು ಕೆಸರಿಗೆ ಒತ್ತಿದರೆ ಬೇಗನೆ ಹಬ್ಬುತ್ತದೆ. ಇವುಗಳ ನಡುವೆ ಕನ್ನೆಸೊಪ್ಪು ತಾನಾಗಿ ಬಂದರೆ ಇರಲಿ ಬಿಡಿ. ಅದರ ನೀಲಿ ಹೂವಿನಲ್ಲಿ ಮಕರಂದವಿಲ್ಲದಿದ್ದರೂ ಬೆಳಗಿನ ಪರಾಗವಿದೆ. ಕರ್ಣಕುಂಡಲವೂ ಹಾಗೆಯೇ. ಒಂದೇ ವರ್ಷದ ಗಿಡವಾದರೂ ಬೀಜ ಸಿಡಿಸಿ ತಾನೇ ಮರಳಿ ಬರುತ್ತದೆ. ಎಲೆಯಡಿಯಲ್ಲಿ ಅಡಗಿದ ಹೂವಿನ ಬಾಲದ ಕೊಳವೆಯಲ್ಲಿ ಮಕರಂದ ಮಳೆಯಲ್ಲೂ ಕೆಡದೆ ಉಳಿಯುತ್ತದೆ.

ನೆಲವೇ ಇಲ್ಲದವರಿಗೆ ನೀಲಿ ನೈದಿಲೆ. ಒಂದೂವರೆ ಅಡಿ ಆಳದ ಸಿಮೆಂಟಿನ ಅಥವಾ ಪ್ಲಾಸ್ಟಿಕ್ ತೊಟ್ಟಿ, ತಳದಲ್ಲಿ ಅರ್ಧ ಅಡಿ ಕೆರೆಗೋಡು, ಅದರ ಮೇಲೆ ಒಂದು ಪದರ ಮರಳು, ಆಮೇಲೆ ನೀರು. ತೆಂಗಿನ ನಾರಿನ ಪುಡಿ, ಕಾಂಪೋಸ್ಟ್ ಹಾಕಬೇಡಿ. ಮೊದಲನೆಯದು ತೇಲುತ್ತದೆ, ಎರಡನೆಯದು ಕೊಳೆತು ನೀರು ನಾರುತ್ತದೆ. ದಿನಕ್ಕೆ ಐದಾರು ತಾಸು ಬಿಸಿಲು ಬೇಕೇ ಬೇಕು. ಅರಳಿದ ಮೊದಲ ದಿನ ಹೂವು ಹೆಣ್ಣಿನ ಹಂತದಲ್ಲಿರುತ್ತದೆ, ಮುಂದಿನ ದಿನಗಳಲ್ಲಿ ಪರಾಗ ಬಿಡುತ್ತದೆ. ಆದ್ದರಿಂದ ಎರಡು ಮೂರು ಗಿಡವಿದ್ದರೆ ಜೇನಿಗೆ ದಿನವೂ ಪರಾಗ ಸಿಗುತ್ತದೆ. ತಾವರೆಗೆ ಇನ್ನೂ ಅಗಲದ ತೊಟ್ಟಿ ಬೇಕು. ಅದರ ಬೀಜದ ಗಟ್ಟಿ ಸಿಪ್ಪೆಯನ್ನು ಒಂದು ಕಡೆ ಉಜ್ಜಿ ಸವೆಸಿ ನೀರಿಗೆ ಹಾಕಿದರೆ ಮೊಳೆಯುತ್ತದೆ. ಚೀನಾದ ಒಣಗಿದ ಸರೋವರದ ತಳದಲ್ಲಿ ಸಿಕ್ಕ, ಸುಮಾರು 1300 ವರ್ಷ ಹಳೆಯ ತಾವರೆ ಬೀಜವನ್ನೂ ಹೀಗೆಯೇ ಮೊಳೆಯಿಸಿದ್ದಾರೆ. ಇನ್ನೂ ಒಂದು ವಿಶೇಷವಿದೆ. ತಾವರೆ ಹೂವು ತನ್ನೊಳಗೆ ತಾನೇ ಶಾಖ ಹುಟ್ಟಿಸಿಕೊಳ್ಳುತ್ತದೆ. ಹೊರಗೆ 10 ಡಿಗ್ರಿಯ ಚಳಿಯಿದ್ದರೂ ಹೂವಿನೊಳಗೆ 30ರಿಂದ 36 ಡಿಗ್ರಿ ಬೆಚ್ಚಗಿರುತ್ತದೆ, ರಾತ್ರಿ ಒಳಗೆ ಉಳಿದ ಕೀಟಕ್ಕೆ ಆ ಶಾಖವೂ ಉಣಿಸು.

ತೊಟ್ಟಿಯೆಂದರೆ ಸೊಳ್ಳೆಯ ಭಯ ಸಹಜ. ದೊಡ್ಡ ತೊಟ್ಟಿಗೆ ನಿಮ್ಮೂರ ಹಳ್ಳದ ಸಣ್ಣ ಮೀನು ನಾಲ್ಕು ಬಿಡಿ, ಮರಿಹುಳುಗಳನ್ನು ಅವು ಮುಗಿಸುತ್ತವೆ. ಗಪ್ಪಿ, ಗಂಬೂಸಿಯಾ ಹೊರನಾಡಿನವು, ಅವು ತುಂಬಿ ಹರಿದ ನೀರಿನ ಜೊತೆ ಹಳ್ಳ ಸೇರಿದರೆ ಸ್ಥಳೀಯ ಮೀನಿಗೆ ಕಂಟಕ. ಮೀನಿಲ್ಲದ ಸಣ್ಣ ಪಾತ್ರೆಗಳ ನೀರನ್ನು ನಾಲ್ಕೈದು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿದರೆ ಸೊಳ್ಳೆಗೆ ಬೆಳೆಯಲು ಸಮಯವೇ ಸಿಗದು.

ತರಬಾರದ ಗಿಡಗಳು

ತೇವದ ಜಾಗಕ್ಕೆ ಏನಾದರೂ ಕೊಡಿ ಎಂದರೆ ನರ್ಸರಿಯವರು ಮೊದಲು ತೋರಿಸುವುದು ಹಳದಿ ಹೂವಿನ ವೆಡೇಲಿಯಾ. ಕಡಿಮೆ ಬೆಲೆ, ಬೇಗ ಹಬ್ಬುತ್ತದೆ. ಹಬ್ಬುವುದೇ ಅದರ ದೋಷ. ಅಮೆರಿಕ ಖಂಡದ ಈ ಬಳ್ಳಿ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಅದೇ ಪಟ್ಟಿಯಲ್ಲಿ ಲಂಟಾನವೂ ಇದೆ, ನಮ್ಮ ಕೆರೆಗಳನ್ನು ಮುಚ್ಚಿರುವ ನೇರಳೆ ಹೂವಿನ ನೀರುಕಳೆಯೂ ಇದೆ. ಲಂಟಾನಕ್ಕೆ ಚಿಟ್ಟೆ ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಬರುತ್ತದೆ, ಸುಳ್ಳಲ್ಲ. ಆದರೆ ಅದು ಹಬ್ಬಿದ ಕಡೆ ಚಿಟ್ಟೆಯ ಮರಿ ತಿನ್ನುವ ಗಿಡಗಳು ಉಳಿಯುವುದಿಲ್ಲ. ದೊಡ್ಡ ಚಿಟ್ಟೆಗೆ ಮಕರಂದ ಕೊಟ್ಟು ಅದರ ಮರಿಯನ್ನು ಉಪವಾಸ ಕೆಡವುವ ಗಿಡ ನನಗೆ ಬೇಡ.

ಕಾಡಿನಿಂದ, ಜಂಬಿಟ್ಟಿಗೆ ಹಾಸಿನ ಜೌಗಿನಿಂದ ಗಿಡ ಕಿತ್ತು ತರುವುದೂ ಬೇಡ. ಮೇಲೆ ಹೇಳಿದ ಹೆಚ್ಚಿನವು ಹಳ್ಳಿಯ ಯಾವುದಾದರೊಂದು ಮನೆಯ ಹಿತ್ತಲಲ್ಲಿ ಸಿಗುತ್ತವೆ. ನೆಂಟರ ಮನೆಗೆ ಹೋದಾಗ ಕೇಳಿ. ಗೆಡ್ಡೆ ಕೊಡಲು ಇಲ್ಲವೆನ್ನುವ ಮನೆಯೊಡತಿಯನ್ನು ನಾನು ಕಂಡಿಲ್ಲ. ನರ್ಸರಿಯಿಂದ ಕೊಳ್ಳುವುದಾದರೆ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ನಂಥ ಕೀಟನಾಶಕ ಹಾಕಿದ್ದಾರೆಯೇ ಎಂದು ಕೇಳಿಕೊಳ್ಳಿ. ಇವು ಗಿಡದ ಒಳಗೆ ಹರಿದು ಹೂವಿನ ಪರಾಗ, ಮಕರಂದಕ್ಕೂ ಸೇರುತ್ತವೆ. ಅನುಮಾನವಿದ್ದರೆ ಮೊದಲ ಸಲದ ಮೊಗ್ಗುಗಳನ್ನು ಚಿವುಟಿಹಾಕಿ.

ನೆಡುವುದು, ನೋಡಿಕೊಳ್ಳುವುದು

ಗೆಡ್ಡೆಗಳನ್ನು ಮೇ ಕೊನೆಯಲ್ಲಿ, ಕಡ್ಡಿ ಮತ್ತು ಬಳ್ಳಿಗಳನ್ನು ಮಳೆ ಹಿಡಿದ ಮೇಲೆ ನೆಡಿ. ಒಂದೊಂದು ಜಾತಿಯ ಒಂದೊಂದೇ ಗಿಡವನ್ನು ಅಲ್ಲಲ್ಲಿ ಚೆದುರಿಸಬೇಡಿ. ಜೇನು ಒಂದು ಸುತ್ತಿನಲ್ಲಿ ಒಂದೇ ಬಗೆಯ ಹೂವಿಗೆ ಹೋಗುವ ಸ್ವಭಾವದ್ದು. ಮಳೆಯ ನಡುವಿನ ಸಣ್ಣ ಹೊಳವಿನಲ್ಲಿ ಅದು ಹೂವು ಹುಡುಕುತ್ತ ಅಲೆಯುವಂತಾಗಬಾರದು. ಒಂದೇ ಜಾತಿಯ ನಾಲ್ಕೈದು ಗಿಡ ಒಟ್ಟಿಗಿರಲಿ. ಪೆಟ್ಟಿಗೆಯಿದ್ದರೆ ಅದಕ್ಕೆ ಕಾಣುವಷ್ಟು ಹತ್ತಿರವಿರಲಿ.

ಹೂವಿನ ಜೊತೆ ಗೂಡಿನ ಜಾಗವೂ ಬೇಕು. ಹಿತ್ತಲ ಧರೆಯ ಒಂದು ಮಾರು ಭಾಗಕ್ಕೆ ಸಿಮೆಂಟ್ ಮೆತ್ತದೆ ಬರಿಮಣ್ಣು ಬಿಡಿ, ಅದು ನೀಲಿಪಟ್ಟೆಯ ಜೇನಿಗೆ. ನಾಲ್ಕು ಒಣಬಿದಿರಿನ ತುಂಡನ್ನು ಸೂರಿನಡಿ ಕಟ್ಟಿ, ಅದು ದುಂಬಿಗೆ. ಮೋರಿಯಂಚಿನಲ್ಲಿ ಅಂಗೈಯಗಲ ಒದ್ದೆ ಮರಳು ತೆರೆದಿರಲಿ. ಗಂಡು ಚಿಟ್ಟೆಗಳು ಗುಂಪಾಗಿ ಕೂತು ಉಪ್ಪಿನಂಶ ಹೀರುವುದು ಅಂಥ ಜಾಗದಲ್ಲೇ.

ಚಂಗಲಕೋಷ್ಠ, ಅರಿಶಿನದಂಥ ಗೆಡ್ಡೆಯ ಗಿಡಗಳು ಡಿಸೆಂಬರ್ ಜನವರಿಯಲ್ಲಿ ಹಳದಿಯಾಗಿ ಬಾಡುತ್ತವೆ. ಸತ್ತಿತೆಂದು ಅಗೆದು ಬಿಸಾಡುವವರು ಬಹಳ. ಅದು ವಿಶ್ರಾಂತಿ. ಒಣಕಾಂಡವನ್ನು ಗೇಣುದ್ದ ಬಿಟ್ಟು ಕತ್ತರಿಸಿ, ಆ ಎಲೆಗಳನ್ನೇ ಬುಡಕ್ಕೆ ಹೊದಿಸಿ, ನೀರು ಕಡಿಮೆ ಮಾಡಿ. ನೆಕ್ಕರಿಕವನ್ನು ಮುಂಗಾರಿಗೆ ಮೊದಲು ಸೊಂಟದೆತ್ತರಕ್ಕೆ ಕತ್ತರಿಸಿದರೆ ಹೊಸ ಚಿಗುರಿನ ತುದಿಗಳಲ್ಲೆಲ್ಲ ಹೂವು. ರಾಸಾಯನಿಕ ಗೊಬ್ಬರ ಯಾವುದಕ್ಕೂ ಬೇಡ. ಬಚ್ಚಲ ಮೂಲೆಯ ಮಣ್ಣಿಗೆ ತರಗೆಲೆಯೇ ಸಾಕು.

ಎರಡು ಮೂರು ವರ್ಷಕ್ಕೆ ಚಂಗಲಕೋಷ್ಠ, ಅರಿಶಿನದ ಬುಡಗಳು ಒತ್ತೊತ್ತಾಗಿ ಹೂವು ಕಡಿಮೆಯಾಗುತ್ತದೆ. ಆಗ ಮೇ ತಿಂಗಳಲ್ಲಿ ಅಗೆದು ಪಾಲು ಮಾಡಿ, ಅರ್ಧವನ್ನು ಪಕ್ಕದ ಮನೆಗೆ ಕೊಡಿ. ಮುಜಂಟಿ ಮೇಯಲು ಹಾರುವುದು ಗೂಡಿನಿಂದ ಕೆಲವು ನೂರು ಮೀಟರ್ ಮಾತ್ರ. ನಿಮ್ಮ ಒಂದು ಮೂಲೆ ಅದರ ಇಡೀ ಮಳೆಗಾಲಕ್ಕೆ ಸಾಲುವುದಿಲ್ಲ, ಕೇರಿಯ ನಾಲ್ಕು ಮನೆಗಳ ಮೋರಿಯ ಬದಿ ಸೇರಿದರೆ ಸಾಲುತ್ತದೆ. ಕೊಡುವಾಗ ಮೊಳಕೆ ಮೇಲ್ಮುಖವಾಗಿರಲಿ, ನೀರು ನಿಲ್ಲದ ಏರಿಯ ಮೇಲೆ ನೆಡಲಿ ಎಂದು ಹೇಳಿ ಕೊಡಿ.